ಓದಿದ ದಿನಾನೇ ಬರ್ಕೊಂಡುಬಿಡಿ

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನ ಮಾತು ಎಂ.ಎ., ಪಿಎಚ್‌.ಡಿ. ಮಾಡ್ತಾ ಇರೋರ ಹತ್ರ. ಥೀಸಿಸ್‌ಗೆ ಪೇಪರಿನ ವೆಬ್‌ಸೈಟಿಂದ ಸುದ್ದಿ ತಗೋತೀರಲ್ಲ, ಅದರ ವಿವರ ಓದಿದ ದಿನಾನೇ ಬರ್ಕೊಳ್ಳಿ, ಒಂದು ಪ್ರತಿ ಸೇವ್ ಮಾಡ್ಕೊಳ್ಳಿ. ನಾನು ಹೇಳೋಕೆ ಬಂದಿರೋದು ಇದೊಂದೇ.

ನನ್ನ ಗೈಡೆನ್ಸಲ್ಲಿ ಒಬ್ಬ ಹುಡುಗಿ ಕೆರೆ ಒತ್ತುವರಿ ಬಗ್ಗೆ ಪಿಎಚ್‌.ಡಿ. ಮಾಡ್ತಿದ್ಲು. ಬಹಳ ಶ್ರದ್ಧೆ, ಬಿಸಿಲಲ್ಲಿ ಊರೂರು ಸುತ್ತಿ ರೈತರನ್ನ ಮಾತಾಡ್ಸಿ ಬಂದೋಳು. ಅವಳ ಮೂರನೇ ಅಧ್ಯಾಯ ನಿಂತಿದ್ದೇ ಒಂದು ಆನ್‌ಲೈನ್ ಸುದ್ದಿ ಮೇಲೆ, ಆ ಕೆರೇಲಿ 40 ಎಕರೆ ಒತ್ತುವರಿಯಾಗಿದೆ ಅಂತ. ಅಡಿಟಿಪ್ಪಣೀಲಿ ಬರೀ ಲಿಂಕು, ಅದೂ ಫೇಸ್‌ಬುಕ್ಕಿಂದ ಕಾಪಿ ಮಾಡಿದ್ದು, ಪ್ರಶ್ನೆ ಚಿಹ್ನೆ ಆದ್ಮೇಲೆ ಎರಡು ಸಾಲು ಬಾಲ. ಶೀರ್ಷಿಕೆ ಇಲ್ಲ, ತಾರೀಕಿಲ್ಲ. ವೈವಾ ದಿನ ಹೊರಗಿಂದ ಬಂದ ಪರೀಕ್ಷಕರು ಲ್ಯಾಪ್‌ಟಾಪಲ್ಲಿ ಆ ಲಿಂಕ್ ಒತ್ತಿದ್ರು, ಪೇಜೇ ಇಲ್ಲ! "ಏನಮ್ಮಾ, ಇದು ತೆರೀತಾನೇ ಇಲ್ವಲ್ಲ" ಅಂದ್ರು. "ಸರ್, ನಾನು ಓದಿದೀನಿ ಸರ್" ಅಂದ್ಲು, ಅಷ್ಟೇ, ಸೆರಗಿನ ತುದಿ ಸುತ್ತುತಾ ನಿಂತ್ಲು. ಆಮೇಲೆ ಇಬ್ರೂ ಲೈಬ್ರರೀಲಿ ಎರಡು ದಿನ ಕೂತು ಬೈಂಡ್ ಮಾಡಿಟ್ಟಿದ್ದ ಹಳೇ ಪೇಪರ್ ತಿರುವಿ ಹಾಕಿದ್ವಿ, ಧೂಳಿಗೆ ಸೀನು ನಿಲ್ತಿರ್ಲಿಲ್ಲ. ಸುದ್ದಿ ಸಿಕ್ತು. ಆದ್ರೆ ಪ್ರಿಂಟಲ್ಲಿ ಇದ್ದಿದ್ದು 14 ಎಕರೆ! ವೆಬ್‌ಸೈಟಲ್ಲಿ ಮೊದಲು ಬಂದಿದ್ದನ್ನ ಇವಳು ಓದಿದಾಳೆ, ಆಮೇಲೆ ಅವರು ಅಂಕಿ ತಿದ್ದಿರಬೇಕು. ಹುಡುಗಿ ಸುಳ್ಳು ಹೇಳಿರ್ಲಿಲ್ಲ, ಆದ್ರೆ ತೋರ್ಸೋಕೆ ಕೈಯಲ್ಲಿ ಏನೂ ಇರ್ಲಿಲ್ಲ, ಇಡೀ ಅಧ್ಯಾಯ ಮತ್ತೆ ಬರೆದ್ಲು. ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಓದಿದ ದಿನಾನೇ ಬರ್ಕೊಳ್ಳಿ ಅನ್ನೋದು. ಏನೇನು? ಬರೆದವರ ಹೆಸರು, ಶೀರ್ಷಿಕೆ ಇದ್ದ ಹಾಗೇ, ಪತ್ರಿಕೆ ಹೆಸರು, ಪ್ರಕಟವಾದ ತಾರೀಕು, ಬಾಲ ಕತ್ತರಿಸಿದ ಲಿಂಕು, ನೀವು ನೋಡಿದ ದಿನ. ಕೆಳಗೆ 'ಅಪ್‌ಡೇಟ್' ಅಂತ ಸಮಯ ಹಾಕಿದ್ರೆ ಅದನ್ನೂ ಬಿಡಬೇಡಿ. ನಮ್ಮ ಕನ್ನಡ ಪೇಪರಲ್ಲಿ ಎಷ್ಟೋ ಸಲ ವರದಿಗಾರರ ಹೆಸರಿರಲ್ಲ, ಆಗ ಎಂಎಲ್‌ಎ, ಎಪಿಎ ಅಂತ ಆಕರ ಉಲ್ಲೇಖಿಸೋ ಎರಡು ಪದ್ಧತಿ ಇವೆಯಲ್ಲ, ಎರಡರಲ್ಲೂ ಶೀರ್ಷಿಕೆಯಿಂದಾನೇ ಶುರು, 'ಅನಾಮಧೇಯ' ಅಂತ ಹಾಕೋದು ಬೇಡ. ವೆಬ್‌ಸೈಟಲ್ಲಿ ಓದಿ ಪ್ರಿಂಟಿನ ಪುಟ ಸಂಖ್ಯೆ ಹಾಕ್ತಾರೆ ಕೆಲವರು, ದಯವಿಟ್ಟು ಬೇಡ, ಇವೆರಡೂ ಬೇರೆ ಬೇರೆ ಅಂತ ಈಗಷ್ಟೇ ಹೇಳಿದ್ನಲ್ಲ.

ಟೈಮ್ ಮುಗೀತಾ ಬಂತು, ಸೇವ್ ಮಾಡೋದು ಹೇಗೆ ಅಂತ ಬೇಗ ಹೇಳ್ತೀನಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಅಂತಿದೆ, ವೆಬ್ ಪುಟಗಳ ಪ್ರತಿ ಉಳಿಸಿಡೋ ಸೈಟು, ಪುಕ್ಕಟೆ. ಅಲ್ಲಿ ಸೇವ್ ಪೇಜ್ ಅನ್ನೋ ಜಾಗದಲ್ಲಿ ಲಿಂಕ್ ಹಾಕಿದ್ರೆ ಆವತ್ತಿನ ತಾರೀಕು, ಸಮಯದ ಸಮೇತ ಪ್ರತಿ ಉಳಿಯುತ್ತೆ, ಅದಕ್ಕೊಂದು ಹೊಸ ಲಿಂಕೂ ಸಿಗುತ್ತೆ, ಅದನ್ನೂ ಅಡಿಟಿಪ್ಪಣೀಲಿ ಕೊಡಿ. ಅದು ಆಗ್ಲಿಲ್ವಾ, ಪಿಡಿಎಫ್ ಮಾಡಿ ನಿಮಗೇ ಮೇಲ್ ಹಾಕ್ಕೊಳ್ಳಿ. ಇವತ್ತು ಬೆಳಗ್ಗೆ ಏನಾದ್ರೂ ಓದಿ ಟ್ಯಾಬ್ ಹಾಗೇ ಬಿಟ್ಟಿದ್ರೆ ಮೊದಲು ಅದನ್ನ ಸೇವ್ ಮಾಡಿ, ಊಟ ಆಮೇಲೆ. ನಮಸ್ಕಾರ.