ಉಲ್ಟಾ ಪಿಗ್ಮಿ ಮತ್ತು ವಿಯೆನ್ನಾದ ಕುಚ್ಚಲಕ್ಕಿ
(ಉಡುಪಿಯಲ್ಲಿ ನಿವೃತ್ತ ಬ್ಯಾಂಕ್ ನೌಕರರ ಬಳಗದ ತಿಂಗಳ ಸಭೆಯಲ್ಲಿ ಮಾತಾಡಿದ್ದು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ನನ್ನ ಜೊತೆ ಕೌಂಟರ್ ಒಳಗೆ ಕೂತವರೇ, ಹಾಗಾಗಿ ಪರಿಚಯ ಎಲ್ಲ ಬೇಡ. ಮೈಕ್ ಸ್ವಲ್ಪ ಕೆಳಗೆ ಮಾಡಿ ಮಾರಾಯ್ರೆ, ನಾನು ಅಷ್ಟು ಉದ್ದ ಇಲ್ಲ. ಹಾಂ, ಸಾಕು.

ನಮ್ಮ ಬಳಗದ ನಾಲ್ಕು ಕುಟುಂಬ ಮೇ ತಿಂಗಳಲ್ಲಿ ಯುರೋಪಿಗೆ ಹೊರಟಿದ್ದಾರೆ, ಟೂರ್ ಕಂಪೆನಿಯವರ ಜೊತೆ ಅಲ್ಲ, ಅಡುಗೆಮನೆ ಇರುವ ಫ್ಲ್ಯಾಟನ್ನೇ ಬಾಡಿಗೆಗೆ ಹಿಡಿದು. ಕಳೆದ ಮೀಟಿಂಗಲ್ಲಿ ಒಬ್ರು ಹೇಳಿದ್ರು, "ಅಡುಗೆಮನೆ ಉಂಟಲ್ಲ ಮೇಡಂ, ಊಟದ ಖರ್ಚಿನ ತಲೆಬಿಸಿ ಮುಗೀತು" ಅಂತ. ನನಗೆ ಅಲ್ಲೇ ಎದ್ದು ಮಾತಾಡ್ಬೇಕು ಅನ್ನಿಸಿತ್ತು, ಅಧ್ಯಕ್ಷರು ಬಿಡ್ಲಿಲ್ಲ, ಮುಂದಿನ ತಿಂಗಳು ಉಪನ್ಯಾಸವೇ ಕೊಡಿ ಅಂದ್ರು. ಹಾಗೆ ಸಿಕ್ಕಿಬಿದ್ದದ್ದು ನಾನು.

ನಿಮಗೆ ಪಿಗ್ಮಿ ಅಂದ್ರೆ ಎಂತ ಅಂತ ಹೇಳ್ಬೇಕಾಗಿಲ್ಲ. 1928ರಲ್ಲಿ ಇದೇ ಉಡುಪಿಯಲ್ಲಿ ಶುರುವಾದ ಬ್ಯಾಂಕಿನ ದಿನದ ಉಳಿತಾಯ, ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆ ತೆಗೊಂಡು ಹೋಗೋದು, ಕೊಟ್ಟವರಿಗೆ ಕೊಟ್ಟದ್ದೇ ಗೊತ್ತಾಗ್ತಿರ್ಲಿಲ್ಲ, ವರ್ಷ ಕಳೆದ್ಮೇಲೆ ನೋಡಿದ್ರೆ ಮಗಳ ಕಿವಿಗೆ ಬೆಂಡೋಲೆ. ಪರದೇಶದಲ್ಲಿ ಆಗೋದು ಅದರದ್ದೇ ಉಲ್ಟಾ. ಅಲ್ಲಿಯೂ ದಿನಾ ಚೂರು ಚೂರೇ ಹೋಗೋದು, ಕೊಟ್ಟದ್ದು ಗೊತ್ತಾಗೋದೇ ಇಲ್ಲ, ಆದ್ರೆ ಕೊನೆಗೆ ಬೆಂಡೋಲೆ ಇಲ್ಲ.

ನಾವು ಕಳೆದ ವರ್ಷ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದದ್ದು ಆರು ಜನ, ಎಂಟು ದಿನ. ನಾವಿಬ್ರು, ಮಗಳು, ಅಳಿಯ, ಎರಡು ಮಕ್ಕಳು. ನನ್ನ ಚಟ ನಿಮಗೆ ಗೊತ್ತುಂಟು, ಒಂದು ನೋಟ್‌ಬುಕ್ಕಲ್ಲಿ ಎಲ್ಲ ಬರೆದಿಟ್ಟಿದ್ದೆ. ಮೊದಲ ದಿನ ಸುತ್ತಾಡಿದ್ದು: ಕಾಫಿ ನಾಲ್ಕು, 18 ಯೂರೋ. ನೀರಿನ ಬಾಟ್ಲಿ ಆರು, 15 ಯೂರೋ. ಮಕ್ಕಳಿಗೆ ಐಸ್‌ಕ್ರೀಮ್ 5. ಒಟ್ಟು 38. ಯಾರೂ ಊಟ ಮಾಡಿದ್ದಲ್ಲ, ಬರೀ ಬಾಯಿ ಒದ್ದೆ ಮಾಡಿದ್ದು! ಇದನ್ನೇ ಎಂಟು ದಿನ ಮಾಡಿದ್ರೆ 304 ಯೂರೋ, ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ರೆ ಮೂವತ್ತು ಸಾವಿರದ ಮೇಲೆ ಹೋಯ್ತು. ಅಷ್ಟೂ ದಿನ ಮನೆಯಲ್ಲಿ ಬೇಯಿಸಿ ತಿಂದ ಸಾಮಾನಿನ ಬಿಲ್ಲು ಎಷ್ಟಾಯ್ತು ಗೊತ್ತುಂಟಾ, 190 ಯೂರೋ. ಈಗ ಹೇಳಿ, ಲೆಕ್ಕ ಎಲ್ಲಿ ತಪ್ಪೋದು, ಅಕ್ಕಿಯಲ್ಲಾ, ನೀರಲ್ಲಾ?

ತಮಾಷೆ ಅಂದ್ರೆ ಆ ಊರಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಯಿಂದ ಬರೋದು, 1873ರಲ್ಲೇ ಅಷ್ಟು ದೂರದಿಂದ ಕಾಲುವೆ ಕಟ್ಟಿ ತಂದಿದ್ದಾರೆ. ರಸ್ತೆಬದಿಯಲ್ಲಿ ಕುಡಿಯುವ ನಲ್ಲಿ ಉಂಟು. ನಾವು ಅದರ ಪಕ್ಕದಲ್ಲೇ ನಿಂತು ಬಾಟ್ಲಿಯ ನೀರಿಗೆ ದುಡ್ಡು ಕೊಟ್ಟದ್ದು. ಮತ್ತೆ ಖಾಲಿ ಬಾಟ್ಲಿ ಬಿಸಾಡ್ಬೇಡಿ, 2025ರಿಂದ ಆಸ್ಟ್ರಿಯಾದಲ್ಲಿ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಡಿಪಾಸಿಟ್ ಉಂಟು, ಅಂಗಡಿಯ ಮಿಷಿನಿಗೆ ಹಾಕಿದ್ರೆ ವಾಪಸ್ ಬರ್ತದೆ. ಬ್ಯಾಂಕಿನವರಾಗಿ ಡಿಪಾಸಿಟ್ ಬಿಟ್ಟು ಬರ್ಲಿಕ್ಕೆ ಉಂಟಾ?

ಈಗ ಕುಕ್ಕರಿನ ಕತೆ. ಇದನ್ನು ಹೇಳ್ಬಾರ್ದು ಅಂತ ನಮ್ಮನೆಯವರು ಬರುವಾಗ ರಿಕ್ಷಾದಲ್ಲೇ ಹೇಳಿದ್ದಾರೆ, ಅಲ್ಲಿ ಹಿಂದೆ ಕೂತಿದ್ದಾರೆ ನೋಡಿ. ಇವರಿಗೆ ಕುಚ್ಚಲಕ್ಕಿ ಅನ್ನ ಇಲ್ಲದಿದ್ರೆ ಊಟ ಆಯ್ತು ಅಂತಲೇ ಅನ್ನಿಸೋದಿಲ್ಲ. ಹಾಗಾಗಿ ಎಂಟು ಕಿಲೋ ಕುಚ್ಚಲಕ್ಕಿ, ಅದನ್ನು ಬೇಯಿಸ್ಲಿಕ್ಕೆ ನಮ್ಮ ಹಳೇ ಅಲ್ಯೂಮಿನಿಯಂ ಕುಕ್ಕರ್, ಅದರ ಹೊಟ್ಟೆಯೊಳಗೆ ಬನಿಯನ್ ಸಾಕ್ಸ್ ತುಂಬಿಸಿ ಪ್ಯಾಕಿಂಗ್. ಬಜ್ಪೆ ಏರ್‌ಪೋರ್ಟಲ್ಲಿ ತೂಕ ಜಾಸ್ತಿಯಾಗಿ ನನ್ನ ಸೀರೆ ಎರಡು ವಾಪಸ್ ಮನೆಗೆ ಹೋಯ್ತು, ಕುಕ್ಕರ್ ಮಾತ್ರ ವಿಮಾನ ಹತ್ತಿತು.

ನಾವು ಫ್ಲ್ಯಾಟಿಗೆ ಮುಟ್ಟಿದ್ದು ಶನಿವಾರ ರಾತ್ರಿ ಏಳು ಗಂಟೆಗೆ. ಅಲ್ಲಿ ಶನಿವಾರ ಆರಕ್ಕೆ ಅಂಗಡಿ ಎಲ್ಲ ಬಂದ್, ಆದಿತ್ಯವಾರ ಇಡೀ ಬಂದ್, ತೆರೆದಿರೋದು ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ, ಅಲ್ಲಿ ನಮ್ಮ ಕೃಷ್ಣಾಷ್ಟಮಿಯ ಹಾಗೆ ಜನ. ಇರ್ಲಿ, ಅಕ್ಕಿ ಉಂಟಲ್ಲ ಅಂತ ಧೈರ್ಯ. ತೊಳೆದು ಕುಕ್ಕರ್ ಇಟ್ರೆ ಒಲೆಗೆ ಜೀವವೇ ಇಲ್ಲ. ಒಂದು ಸಲ ಪೀಂ ಅಂತದೆ, ಒಂದು ಚಿಹ್ನೆ ಮಿಣುಕ್ತದೆ, ಆರಿ ಹೋಗ್ತದೆ. ಅಳಿಯ ಇಂಜಿನಿಯರ್, ಅವನು ಕುಕ್ಕರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ. ನಮ್ಮನೆಯವರು ಕರೆಂಟಿಲ್ಲ ಅಂತ ಲೈಟ್ ಹಾಕಿ ನೋಡಿದ್ರು. ಕೊನೆಗೆ ಎಂಟು ವರ್ಷದ ಮೊಮ್ಮಗಳು ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತದ ಗೊಂಬೆ ತೆಗೆದು ಕುಕ್ಕರ್ ತಳಕ್ಕೆ ಹಿಡಿದ್ಲು, ಅದು ಟಣ್ ಅಂತ ಕೆಳಗೆ ಬಿತ್ತು. "ಅಜ್ಜ, ಇದು ಅಂಟೋದಿಲ್ಲ, ಇಂಡಕ್ಷನಿಗೆ ಆಗೋದಿಲ್ಲ." ಶಾಲೆಯಲ್ಲಿ ಕಲಿಸ್ತಾರಂತೆ.

ಅಲ್ಲಿದ್ದದ್ದು ಪಾಸ್ತಾ ಬೇಯಿಸುವ ಒಂದು ಎತ್ತರದ ಸ್ಟೀಲ್ ಪಾತ್ರೆ. ಅದರಲ್ಲಿ ಇಪ್ಪತ್ತು ನಿಮಿಷ ಅಕ್ಕಿ ಕೊತಕೊತ ಕುದಿಸಿದೆ, ಮತ್ತೆ ಬಿಸಿ ಹಿಡಿದಿಟ್ಟು ಅನ್ನ ಬೇಯಿಸುವ ಊರಿನ ಥರ್ಮಲ್ ಕುಕ್ಕರ್ ನೆನಪಾಯ್ತು, ಬಿಗಿಯಾಗಿ ಮುಚ್ಚಿ ಎರಡು ಟವೆಲ್ ಸುತ್ತಿ, ಹಾಸಿಗೆಯ ಮೇಲಿದ್ದ ಹಂಸದ ಗರಿಯ ಹಾಗಿನ ದಪ್ಪ ರಜಾಯಿಯಲ್ಲಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದೆ. ಅದು ಬೇಯುವಷ್ಟು ಹೊತ್ತು, ಒಂದೂವರೆ ಗಂಟೆ, ನಾವು ಪೇಪರ್ ಅವಲಕ್ಕಿಗೆ ಸಾರಿನ ಪುಡಿ, ಬೆಲ್ಲ ಹಾಕಿ ಕಲಸಿ ತಿಂದ್ವಿ. ಹೊಟ್ಟೆ ತುಂಬಿಸಿದ್ದು ಆ ಅವಲಕ್ಕಿಯೇ. ಅನ್ನ ಆಗುವಾಗ ಮಕ್ಕಳು ಮಲಗಿಯಾಗಿತ್ತು. ಆದ್ರೆ ಬೆಂದಿತ್ತು ಮಾರಾಯ್ರೆ, ಒಂದೊಂದು ಕಾಳೂ! ನಮ್ಮನೆಯವರು ರಾತ್ರಿ ಹತ್ತೂವರೆಗೆ ಉಪ್ಪಿನಕಾಯಿ ಹಾಕ್ಕೊಂಡು ಗಂಜಿ ಉಂಡ್ರು, ಮುಖದಲ್ಲಿ ಎಂತ ಸಮಾಧಾನ.

ನಾನು ಹೇಳೋದಿಷ್ಟೇ: ರುಚಿ ಇಲ್ಲಿಂದ ತೆಗೊಂಡು ಹೋಗಿ, ತೂಕ ಅಲ್ಲಿ ತೆಗೊಳ್ಳಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಇಂಗು, ಸಾಸಿವೆ, ಜೀರಿಗೆ, ಹುಳಿ, ಮೊದಲ ರಾತ್ರಿಗೆ ಅವಲಕ್ಕಿ, ಎಲ್ಲ ಸೇರಿ ಮೂರು ಕಿಲೋ ಆಗೋದಿಲ್ಲ. ಅಕ್ಕಿ, ಕೆಂಪು ತೊಗರಿಯ ಹಾಗಿನ ಮಸೂರ್ ಬೇಳೆ, ಬಟಾಟೆ, ಕ್ಯಾಬೇಜ್, ಮೊಸರು, ಡಬ್ಬಿಯ ತೆಂಗಿನ ಹಾಲು ಅಲ್ಲಿ ಹೋಫರ್, ಬಿಲ್ಲಾ, ಸ್ಪಾರ್ ಅನ್ನುವ ಸೂಪರ್‌ಮಾರ್ಕೆಟ್ ಎಲ್ಲಿಯೂ ಸಿಗ್ತದೆ. ನವಿಲುಕೋಸು ನೋಡಿ ನನಗೆ ಊರಿನವರೇ ಸಿಕ್ಕಿದ ಹಾಗಾಯ್ತು, ಅವರು ಕೋಲ್‌ರಾಬಿ ಅಂತಾರೆ, ಎರಡು ದಿನ ಅದರದ್ದೇ ಹುಳಿ. ಜೀರಿಗೆ ಮಾತ್ರ ಮರೀಬೇಡಿ. ನಾನು ಮರೆತು ಅಲ್ಲಿ ಕ್ಯೂಮೆಲ್ ಅಂತ ಬರೆದ ಪ್ಯಾಕೆಟ್ ತಂದೆ, ನೋಡ್ಲಿಕ್ಕೆ ಜೀರಿಗೆಯೇ, ಅದು ಅವರು ಬ್ರೆಡ್ಡಿಗೆ ಹಾಕುವ ಬೇರೆ ಕಾಳು. ಸಾರು ಬೇಕರಿಯ ಹಾಗೆ ಪರಿಮಳ ಬಂತು. ನಿಜವಾದ ಜೀರಿಗೆಗೆ ಕ್ರಾಯ್ಟ್ಸ್‌ಕ್ಯೂಮೆಲ್ ಅನ್ಬೇಕು.

ಕಸ್ಟಮ್ಸ್ ಕೇಳಿದ್ರಲ್ಲ ಯಾರೋ. ಯುರೋಪಿಯನ್ ಯೂನಿಯನ್‌ಗೆ ಹಾಲಿನದ್ದು, ಮಾಂಸದ್ದು ತೆಗೊಂಡು ಹೋಗುವ ಹಾಗಿಲ್ಲ, ಅಂದ್ರೆ ತುಪ್ಪ, ಪೇಡಾ ಇಲ್ಲ. ಕರಿಬೇವಿನ ಸೊಪ್ಪು ಇಲ್ಲ. ತೆಂಗಿನಕಾಯಿ ಆಗ್ತದೆ, ಮತ್ತೆ ಮೀನು ಒಬ್ಬರಿಗೆ 20 ಕಿಲೋವರೆಗೆ ಬಿಡ್ತಾರೆ! ತುಪ್ಪ ಬೇಡ, ಒಣಮೀನು ತನ್ನಿ ಅಂತ, ಯಾರೋ ನಮ್ಮ ಮಲ್ಪೆಯ ಮೀನುಗಾರರೇ ಕೂತು ಕಾನೂನು ಬರೆದ ಹಾಗುಂಟು. ಕೊಬ್ಬರಿ ವಿಮಾನಕ್ಕೆ ಹಾಕ್ಬೇಡಿ, ಎಣ್ಣೆ ಅಂಶಕ್ಕೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಅಂತ ಅದನ್ನು ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದಾರೆ. ದುಬೈಗೆ ಹೋಗುವವರು ಗಸಗಸೆ ಒಂದು ಚಮಚವೂ ಬೇಡ.

ಚೀಟಿ ಬಂತು, ಐದು ನಿಮಿಷ ಅಂತೆ. ಒಲೆ ಯಾವುದು, ದೊಡ್ಡ ಪಾತ್ರೆ ಉಂಟಾ, ಉಪ್ಪು ಎಣ್ಣೆ ಇಟ್ಟಿರ್ತಾರಾ, ಇದಿಷ್ಟು ಫ್ಲ್ಯಾಟಿನ ಓನರಿಗೆ ಮೊದಲೇ ಮೆಸೇಜ್ ಮಾಡಿ ಕೇಳಿ. ಮಧ್ಯಾಹ್ನಕ್ಕೆ ಬ್ರೆಡ್ಡಿಗೆ ಬೆಣ್ಣೆ, ಚಟ್ನಿಪುಡಿ ಹಚ್ಚಿ ಡಬ್ಬಿಗೆ ಹಾಕಿ, ಶೋನ್‌ಬ್ರುನ್ ಅರಮನೆಯ ತೋಟಕ್ಕೆ ಟಿಕೆಟಿಲ್ಲ, ಬೆಂಚಲ್ಲಿ ಕೂತು ತಿನ್ನಿ. ಕಾಫಿ ಹೌಸಿಗೆ ಒಂದು ದಿನ ಹೋಗಿ, ಆ ದಿನ ಕೇಕೂ ತಿನ್ನಿ, ದಿನಾ ದಿನಾ ಬೇಡ, ಅದೇ ಉಲ್ಟಾ ಪಿಗ್ಮಿ. ಮತ್ತೆ ಗಂಡಸರಿಗೆ ಒಂದು ಮಾತು, ಬೇಯಿಸಿದವರು ಪಾತ್ರೆ ತೊಳೆಯೋದಿಲ್ಲ ಅಂತ ಇಲ್ಲಿಂದ ಹೊರಡುವಾಗಲೇ ತೀರ್ಮಾನ ಆಗಿರ್ಬೇಕು, ಇಲ್ಲದಿದ್ರೆ ನಮಗೆ ಉಡುಪಿಯ ಸಿಂಕೇ ಸಾಕಿತ್ತು, ಅಷ್ಟು ದೂರ ಹೋಗ್ಬೇಕಿರ್ಲಿಲ್ಲ. ಕೊನೆಯ ಎರಡು ದಿನಕ್ಕೆ ಏನೂ ತರ್ಬೇಡಿ, ಫ್ರಿಜ್ಜಲ್ಲಿ ಇದ್ದದ್ದಕ್ಕೆಲ್ಲ ಸೇರಿಸಿ ಒಂದು ಚಿತ್ರಾನ್ನ. ಮಕ್ಕಳ ವಿಷಯ ಬಿಟ್ಟೇ ಹೋಯ್ತು, ಇರ್ಲಿ.

ಎಂತ? ಕುಕ್ಕರ್ ಎಂತಾಯ್ತು ಅಂತಲಾ? ಅಲ್ಲೇ ಬಿಟ್ಟು ಬರುವಾ ಅಂದೆ, ಇವರು ಕೇಳ್ಬೇಕಲ್ಲ. ವಾಪಸ್ ಬರುವಾಗ ಅದರೊಳಗೆ ಎರಡು ಕಿಲೋ ಚಾಕೊಲೇಟ್ ತುಂಬಿಸಿ, ಗ್ಯಾಸ್ಕೆಟ್ ಹಾಕಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿ ತಂದ್ರು. ಒಂದೂ ಪುಡಿಯಾಗ್ಲಿಲ್ಲ, ಅದನ್ನು ಒಪ್ಪಬೇಕು. ಮನೆಗೆ ಬಂದ್ಮೇಲೆ ಮುಚ್ಚಳ ತೆಗೀಲಿಕ್ಕೆ ಮಾತ್ರ ಪಕ್ಕದ ಮನೆಯವರನ್ನು ಕರೀಬೇಕಾಯ್ತು.