ರಾಣಿಜೇನಿನ ತುತ್ತು ಜೀವಕೋಶಕ್ಕೆ ಸಾಕೇ?

ಕೇಳುಗರಿಗೆ ನಮಸ್ಕಾರ.

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವವರ ಫ್ರೀಜರ್ ತೆರೆದರೆ ಜೇನಿನ ಬಣ್ಣದ ದ್ರವ ತುಂಬಿದ ಬಾಟಲಿಗಳು ಕಾಣುತ್ತವೆ. ಅದು ಜೇನಲ್ಲ, ಇನ್ನೂ ಹುಟ್ಟದ ಕರುವಿನ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಕಸಾಯಿಖಾನೆಯಲ್ಲಿ ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯೊಳಗಿನ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಎಳೆಯುತ್ತಾರೆ. ಅದರ ಸೀರಮ್ಮನ್ನು ಪೋಷಕ ದ್ರಾವಣಕ್ಕೆ ಸಾಮಾನ್ಯವಾಗಿ ನೂರಕ್ಕೆ 10 ಪಾಲು ಬೆರೆಸುತ್ತಾರೆ. ಈ ಸೀರಮ್ಮಿನ ಬದಲು ಜೇನುಗೂಡಿನ ಪದಾರ್ಥ ಬಳಸಬಹುದೇ ಎಂಬುದೇ ಇಂದಿನ ಮಾತು. ಆ ಕರುವಿನ ವಿಷಯ ಹೇಳದೆ ಅದನ್ನು ಶುರುಮಾಡಲು ನನಗೆ ಮನಸ್ಸು ಬರಲಿಲ್ಲ.

ಬೇರೆ ದಾರಿ ಇಲ್ಲವೇ? 1955ರಲ್ಲಿ ಹ್ಯಾರಿ ಈಗಲ್ ಎಂಬ ವಿಜ್ಞಾನಿ ಕೋಶಗಳಿಗೆ ಯಾವ ಅಮೈನೋ ಆಮ್ಲ, ಯಾವ ಜೀವಸತ್ವ ಬೇಕೆಂದು ಒಂದೊಂದಾಗಿ ಗುರುತಿಸಿದರು. ಅಷ್ಟೆಲ್ಲ ಕೊಟ್ಟರೂ ಸ್ವಲ್ಪ ಸೀರಮ್ ಬೇಕೇ ಬೇಕಾಯಿತು. ಏಕೆಂದರೆ ಸೀರಮ್ ಬರೀ ಊಟವಲ್ಲ. ಕಬ್ಬಿಣ ಹೊತ್ತು ತರುವ ಟ್ರಾನ್ಸ್‌ಫೆರಿನ್, ಕೊಬ್ಬನ್ನು ಸಾಗಿಸುವ ಆಲ್ಬುಮಿನ್, ಕೋಶ ತಟ್ಟೆಗೆ ಅಂಟಿ ಕೂರಲು ನೆರವಾಗುವ ಪ್ರೋಟೀನುಗಳು, 'ಒಡೆದು ಎರಡಾಗು' ಎಂದು ಸೂಚನೆ ಕೊಡುವ ಬೆಳವಣಿಗೆಯ ಅಂಶಗಳು, ಎಲ್ಲವೂ ಅದರಲ್ಲಿವೆ. ಆದರೆ ಒಂದು ಬ್ಯಾಚಿನಂತೆ ಇನ್ನೊಂದಿರುವುದಿಲ್ಲ. ದನದ ವೈರಸ್ಸೂ ಜೊತೆಗೆ ಬರಬಹುದು.

ಇನ್ನು ಜೇನುಗೂಡಿಗೆ ಬರೋಣ. ಜೇನುತುಪ್ಪ ಹೆಚ್ಚಾದರೆ ಅದರ ಸಕ್ಕರೆ ಕೋಶದೊಳಗಿನ ನೀರನ್ನೇ ಹೀರುತ್ತದೆ. ಅದು ಹುಟ್ಟಿಸುವ, ಕೋಶಕ್ಕೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಬೇರೆ. ಜೇನುವಿಷದ ಮೆಲಿಟಿನ್ ಕೋಶದ ಪೊರೆಯನ್ನೇ ತೂತು ಮಾಡುತ್ತದೆ. ಇವೆರಡೂ ಇಲ್ಲಿಗೆ ಒಗ್ಗುವುದಿಲ್ಲ.

ನನ್ನ ಆಸೆ ಇರುವುದು ರಾಯಲ್ ಜೆಲ್ಲಿಯ ಮೇಲೆ. ರಾಜಶಾಹಿ ರಸ ಎಂದೂ ಕರೆಯುತ್ತೇವೆ. ದಾದಿ ಜೇನುಗಳು ತಲೆಯ ಗ್ರಂಥಿಗಳಿಂದ ಸ್ರವಿಸುವ ಈ ಬಿಳಿ ರಸವನ್ನು ರಾಣಿಯಾಗಬೇಕಾದ ಮರಿಹುಳು ಹೊಟ್ಟೆತುಂಬ ತಿಂದು ಬೆಳೆಯುತ್ತದೆ. ಇದರ ಮುಖ್ಯ ಪ್ರೋಟೀನಿಗೆ ರಾಯಲ್ಯಾಕ್ಟಿನ್ ಎಂಬ ಹೆಸರೂ ಇದೆ. ಇಲಿಯ ಯಕೃತ್ತಿನ ಕೋಶಗಳು ಇದರಿಂದ ವೃದ್ಧಿಯಾಗುವುದನ್ನು ಜಪಾನಿನ ಮಸಾಕಿ ಕಾಮಾಕುರಾ ತೋರಿಸಿದರು. ರಾಣಿ ರೂಪುಗೊಳ್ಳಲು ಇದೇ ಕಾರಣ ಎಂದು 2011ರಲ್ಲಿ ಅವರು ಹೇಳಿದ್ದನ್ನು ಮುಂದೆ ಬೇರೆ ಸಂಶೋಧಕರು ಪ್ರಶ್ನಿಸಿದರು. ಆದರೆ 2018ರಲ್ಲಿ ಇನ್ನೊಂದು ಅಚ್ಚರಿ: ಚಿಕ್ಕಿಲಿಯ ಭ್ರೂಣದ ಆಕರಕೋಶಗಳನ್ನು, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶಗಳನ್ನು (ಸ್ಟೆಮ್ ಸೆಲ್), ಈ ಪ್ರೋಟೀನು ಆಕರಕೋಶಗಳಾಗಿಯೇ ಉಳಿಸಿತು. ಕೀಟದ ಮಾತು ಸಸ್ತನಿಯ ಕೋಶಕ್ಕೆ ಅರ್ಥವಾಗುತ್ತದೆ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗೆಂದು ಸೀರಮ್ ಸುರಿದಂತೆ ಇದನ್ನು ಸುರಿಯಲಾಗದು. ರಾಯಲ್ ಜೆಲ್ಲಿ ಹುಳಿ. ಪಿಎಚ್ ಸುಮಾರು 4. ಕಾಯಿಸಿದರೆ ಪ್ರೋಟೀನು ಕೆಡುತ್ತದೆ, ಆದ್ದರಿಂದ ಸೋಸಿಯೇ ಶುದ್ಧಿ ಮಾಡಬೇಕು. ಬೆಚ್ಚಗೆ ಇಟ್ಟರೂ ರಾಯಲ್ಯಾಕ್ಟಿನ್ ದಿನಗಳೆದಂತೆ ಒಡೆದು ಹೋಗುತ್ತದೆ. ಗೂಡಿನಿಂದ ಗೂಡಿಗೆ ಗುಣವೂ ಬದಲಾಗುತ್ತದೆ. ಸೀರಮ್ಮಿನ ಹಳೆಯ ಜಾಡ್ಯ ಇಲ್ಲೂ ಬಿಟ್ಟಿಲ್ಲ ನೋಡಿ.

ಅದಕ್ಕೇ ನಾನು ಹೇಳುವುದು, ಬೆಳೆಯುವ ಸೂಚನೆಯನ್ನಷ್ಟೇ ಜೇನಿನ ಪ್ರೋಟೀನಿಗೆ ಬಿಡಿ. ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಮ್ ಬೇರೆಯಾಗಿ ಕೊಡಿ. ಸೀರಮ್ಮನ್ನು ಒಮ್ಮೆಗೇ ನಿಲ್ಲಿಸದೆ, ಕೂಸಿಗೆ ಮೊಲೆ ಬಿಡಿಸುವಂತೆ, 10ರಿಂದ 5ಕ್ಕೆ, 5ರಿಂದ 2ಕ್ಕೆ ಇಳಿಸಿ. ಕೋಶಗಳು ಬದುಕಿವೆಯೇ ಎಂದು ಬಣ್ಣದಿಂದ ತಿಳಿಸುವ ಪರೀಕ್ಷೆಯೊಂದಿದೆ. ಮೂರನೇ ದಿನ ಅದರಲ್ಲಿ ಬಣ್ಣ ಬಂತೆಂದು ಹಿಗ್ಗಬೇಡಿ, ಜೇನಿನ ಪದಾರ್ಥಗಳು ಕೋಶವಿಲ್ಲದೆಯೂ ಆ ಪರೀಕ್ಷೆಯ ಬಣ್ಣ ಬದಲಿಸಬಲ್ಲವು. ಸೂಕ್ಷ್ಮದರ್ಶಕದಡಿ ಕೋಶಗಳನ್ನೇ ಎಣಿಸಿ, ಹತ್ತು ತಲೆಮಾರು ದಾಟಿದ ಮೇಲೆ ಇನ್ನೊಮ್ಮೆ ಎಣಿಸಿ.

ನಮಸ್ಕಾರ.