ಕೈ ಊರದೆ ಏಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲಿಗೆ ಒಂದು ಚಿಕ್ಕ ಪರೀಕ್ಷೆ. ಕುರ್ಚಿಯ ಮೇಲೆ ಕೂತಿದ್ದೀರಾ? ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಈಗ ಏಳಿ. ಕೂತುಕೊಳ್ಳಿ. ಹೀಗೆ ಐದು ಸಲ. ತಲೆ ಸುತ್ತುವವರು, ಮೊನ್ನೆಮೊನ್ನೆ ಆಪರೇಷನ್ ಆದವರು ಬಿಡಿ, ಉಳಿದವರೆಲ್ಲ ಮಾಡಿ. 12 ಸೆಕೆಂಡಿನೊಳಗೆ ಮುಗಿಯಿತೇ? ಸಂತೋಷ. ಮುಗಿಯಲಿಲ್ಲವೇ? ಹಾಗಿದ್ದರೆ ಇವತ್ತಿನ ಮಾತು ನಿಮಗಾಗಿಯೇ.

ನಾನು ವಯಸ್ಸಾದವರನ್ನು ನೋಡುವ ವೈದ್ಯ. ಬಂದವರೆಲ್ಲ ಶುಗರ್ ಎಷ್ಟು, ಬಿ.ಪಿ. ಎಷ್ಟು, ಕೊಲೆಸ್ಟ್ರಾಲ್ ಎಷ್ಟು ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ತೊಡೆಯಲ್ಲಿ ಬಲ ಎಷ್ಟಿದೆ ಎಂದು ಕೇಳಿದರೆ ನಗುತ್ತಾರೆ. ನಗುವ ವಿಷಯ ಅಲ್ಲ ಸ್ವಾಮಿ. ಆಧಾರ್ ಕಾರ್ಡಿನಲ್ಲಿ ಇರುವುದು ನೀವು ಹುಟ್ಟಿ ಎಷ್ಟು ವರ್ಷವಾಯಿತು ಎಂಬ ಲೆಕ್ಕ. ದೇಹ ಎಷ್ಟು ಸವೆದಿದೆ ಎಂಬ ಲೆಕ್ಕ ಬೇರೆ. ಅದನ್ನು ಸ್ನಾಯುಗಳಲ್ಲಿ ನೋಡಬೇಕು, ಮಾಂಸಖಂಡ ಎನ್ನುತ್ತೇವಲ್ಲ, ಅದರಲ್ಲಿ. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಅದು ನೂರಕ್ಕೆ 3ರಿಂದ 8 ಪಾಲು ಕರಗುತ್ತದೆ. 60ರ ನಂತರ ಇನ್ನೂ ಬೇಗ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂಸದ ಬಡತನ ಎಂದರ್ಥ. ಹೆಸರು ಮರೆತರೂ ಪರವಾಗಿಲ್ಲ, ಕುರ್ಚಿ ಮರೆಯಬೇಡಿ.

ನಮ್ಮ ಸೋದರತ್ತೆಯ ಕತೆ ಹೇಳಲೇಬೇಕು. ಅರಸೀಕೆರೆ ಕಡೆಯ ಹಳ್ಳಿ. 74 ವರ್ಷಕ್ಕೂ ಬಾವಿಯಿಂದ ನೀರು ಸೇದಿ ಹಂಡೆ ತುಂಬುತ್ತಿದ್ದರು, ಕೊಟ್ಟಿಗೆ ಬಾಚುತ್ತಿದ್ದರು. ಮಾವ ತೀರಿಕೊಂಡ ಮೇಲೆ ಮಗ ಬೆಂಗಳೂರಿನ ಫ್ಲ್ಯಾಟಿಗೆ ಕರೆತಂದ. ಒಳ್ಳೆಯ ಮಗ. ತೊಂದರೆಯಾಗಿದ್ದೇ ಅದರಿಂದ. "ಇಷ್ಟು ವರ್ಷ ದುಡಿದಿದ್ದು ಸಾಕಮ್ಮ, ಸುಮ್ನೆ ಕೂತ್ಕೋ" ಅಂದ. ಸೊಸೆ ಕುಡಿಯುವ ನೀರನ್ನೂ ಕೂತಲ್ಲಿಗೇ ತಂದುಕೊಡುವಳು. ಸೋಫಾ ಮೆತ್ತಗಿತ್ತು, ಧಾರಾವಾಹಿಗಳಿಗೆ ಬರವಿರಲಿಲ್ಲ. ಎರಡು ವರ್ಷ ಕಳೆಯಿತು. ಗೌರಿ ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಅತ್ತೆ ಸೋಫಾದಿಂದ ಏಳಲು ಮೂರು ಸಲ ಹಿಂದೆಮುಂದೆ ತೂಗಿ, ಕೊನೆಗೆ ಮೊಮ್ಮಗನ ಹೆಗಲು ಹಿಡಿದರು. "ಅಮ್ಮನ ತೂಕ ಏನೂ ಇಳಿದಿಲ್ಲ ಕಣೋ, ಅದೇ 56 ಕೆ.ಜಿ." ಎಂದ ಮಗ. ತಕ್ಕಡಿಗೆ ಏನು ಗೊತ್ತು? ಸ್ನಾಯು ಖಾಲಿ ಮಾಡಿದ ಜಾಗದಲ್ಲಿ ಕೊಬ್ಬು ಬಂದು ಕೂತಿತ್ತು. ಸೀರೆಯೊಳಗೆ ಸೊರಗಿದ ತೊಡೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವತ್ತೇ ಒಂದು ಕಟ್ಟಳೆ ಮಾಡಿದೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಕುರ್ಚಿಯಿಂದ ಎದ್ದು ಕೂರಬೇಕು. ಮೊದಲು ಕುರ್ಚಿಯ ಮೇಲೆ ಎರಡು ದಿಂಬು. ಆಮೇಲೆ ಒಂದು. ಆಮೇಲೆ ಬರಿ ಕುರ್ಚಿ. ಅದೂ ಸಲೀಸಾದ ಮೇಲೆ ತೋಳಿನಲ್ಲಿ ಎರಡು ಕೆ.ಜಿ. ರಾಗಿ ಹಿಟ್ಟಿನ ಚೀಲ. "ನನ್ನನ್ನ ಗರಡಿಗೆ ಸೇರಿಸ್ತೀಯೇನೋ?" ಎಂದು ಬೈದರು. ಬೈಯುತ್ತಲೇ ಮಾಡಿದರು. ನಾಲ್ಕನೇ ತಿಂಗಳಿಗೆ ಎರಡು ಮಹಡಿ ಇಳಿದು, ಸೊಪ್ಪಿನವನ ಜೊತೆ ಚೌಕಾಸಿ ಮಾಡಿ, ಮೆಟ್ಟಿಲು ಹತ್ತಿಯೇ ವಾಪಸು ಬಂದರು. ದಂಟಿನ ಸೊಪ್ಪು ಬಾಡಿತ್ತಂತೆ. ಅದನ್ನು ಫೋನಿನಲ್ಲಿ ಅರ್ಧ ಗಂಟೆ ಹೇಳಿದರು.

ಇದು ನಮ್ಮ ಅತ್ತೆಯೊಬ್ಬರ ಪವಾಡ ಅಂದುಕೊಳ್ಳಬೇಡಿ. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್, 90ರ ಆಸುಪಾಸಿನ ಹತ್ತು ಮಂದಿ ನಿತ್ರಾಣ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. 90ರಲ್ಲಿ! ನಿಮಗೆ 60ಕ್ಕೇ "ಇನ್ನೇನು, ವಯಸ್ಸಾಯ್ತು" ಅನ್ನುವ ಚಪಲ.

ಇನ್ನೊಂದು ಸಂಗತಿ. ಭಾರತವೂ ಸೇರಿ 17 ದೇಶಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿಯ ಬಿಗಿತವನ್ನು ಅಳೆದು, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮುಷ್ಟಿ ಸಡಿಲವಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು. ಬಿ.ಪಿ.ಯ ಮೇಲಿನ ಅಂಕಿಗಿಂತ ಮುಷ್ಟಿಯೇ ಚೆನ್ನಾಗಿ ಸುಳಿವು ಕೊಟ್ಟಿತು. ಯಾಕೆ ಅಂತೀರಾ? ಉಂಡ ಅನ್ನದ ಸಕ್ಕರೆಯಲ್ಲಿ ದೊಡ್ಡ ಪಾಲು ಸೇರುವುದು ಸ್ನಾಯುವಿಗೆ. ಕಣಜ ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಅಲೆಯುತ್ತದೆ. ಜ್ವರ ಬಂದು ಮಲಗಿದಾಗ ದೇಹ ಸಾಲ ಎತ್ತುವುದೂ ಅಲ್ಲಿಂದಲೇ. ಆರೋಗ್ಯವಾಗಿರುವ ಹಿರಿಯರೇ ಹತ್ತು ದಿನ ಹಾಸಿಗೆ ಬಿಟ್ಟೇಳದಿದ್ದರೆ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಹೋಗುತ್ತದೆ.

"ದಿನಾ ವಾಕಿಂಗ್ ಹೋಗ್ತೀನಲ್ಲ ಡಾಕ್ಟ್ರೇ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೋಗಿ, ಹೃದಯಕ್ಕೆ ಒಳ್ಳೆಯದು. ಆದರೆ ಪಾರ್ಕಿನಲ್ಲಿ ರಾಜಕೀಯ ಮಾತಾಡುತ್ತ ನಾಲ್ಕು ಸುತ್ತು ಹಾಕಿದರೆ ತೊಡೆ ಗಟ್ಟಿಯಾಗುವುದಿಲ್ಲ. ಸ್ನಾಯುವಿಗೆ ಭಾರ ಬೇಕು. ನಿಮ್ಮ ಮೈಭಾರವೇ ಸಾಕು, ಕುರ್ಚಿಯಿಂದ ಏಳಿ, ಕೂರಿ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಊಟದ ವಿಷಯ ಓಡಿಸಿಬಿಡುತ್ತೇನೆ. 60 ಕೆ.ಜಿ. ತೂಗುವ ಹಿರಿಯರಿಗೆ ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು. ಕಿಡ್ನಿ ತೊಂದರೆ ಇರುವವರು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಮುದ್ದೆಗೆ ಬರೀ ತಿಳಿಸಾರು ಸಾಲದು. ಮೊಟ್ಟೆ, ಮೀನು, ಮೊಸರು, ಕಾಳು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಹುರುಳಿ ಬಸ್ಸಾರು ಮಾಡಿದ ದಿನ ಕಟ್ಟು ನಮಗೆ, ಕಾಳು ಮಕ್ಕಳಿಗೆ ಎಂದು ಹಂಚಬೇಡಿ. ಕಾಳು ನಿಮ್ಮ ತಟ್ಟೆಗೂ ಬೀಳಲಿ. ಉಂಡು ಏಳುವಾಗ ಕೈ ಊರಬೇಡಿ. ನಮಸ್ಕಾರ.